ಬ್ಯಾಕ್ಟೀರಿಯ, ಶಿಲೀಂಧ್ರ ಮತ್ತು ಪರೋಪಜೀವಿ ಸೋಂಕುಗಳಿಗೆ ದೇಹದ ಪ್ರತಿರೋಧ

ರೋಗಾಣು ಒಳಹೊಕ್ಕಾಗ ದೇಹ ತೋರುವ ಪ್ರತಿರೋಧ ಎಲ್ಲ ಸೋಂಕುಗಳಲ್ಲೂ ಒಂದೇ ಬಗೆಯದಲ್ಲ. ಬ್ಯಾಕ್ಟೀರಿಯ ಸಾಮಾನ್ಯವಾಗಿ ಒಂದೆರಡು ಮೈಕ್ರೊಮೀಟರ್ ಉದ್ದದ ಏಕಕೋಶ ಜೀವಿ. ಒಂದು ಬಿಳಿ ರಕ್ತಕಣ ಅಂಥ ಹಲವನ್ನು ನುಂಗಿ ಅರಗಿಸಬಲ್ಲದು. ಶಿಲೀಂಧ್ರ ಬೀಜಕಣದ ರೂಪದಲ್ಲಿ ಬಂದು ನೂಲೆಳೆಯಾಗಿ ಚಾಚಿಕೊಂಡರೆ ನುಂಗುವ ಕೋಶದ ಅಳತೆ ಸಾಲದು. ಲಾಡಿಹುಳು ಕರುಳಿನಲ್ಲಿ ಹಲವು ಮೀಟರ್ ಉದ್ದ ಬೆಳೆಯುತ್ತದೆ. ಅದನ್ನು ಹೊರದಬ್ಬಬೇಕು, ಆಗದಿದ್ದರೆ ಸಹಿಸಿಕೊಂಡಿರಬೇಕು. ಆದ್ದರಿಂದ ಪ್ರತಿರೋಧದ ಬಗೆಯನ್ನು ಮುಖ್ಯವಾಗಿ ಎರಡು ಸಂಗತಿಗಳು ನಿರ್ಧರಿಸುತ್ತವೆ: ಬಂದ ಜೀವಿಯ ಗಾತ್ರ ಎಷ್ಟು, ಅದು ನೆಲೆಸಿರುವುದು ಎಲ್ಲಿ. ಆಯ್ಕೆ ತಪ್ಪಿದರೆ ರೋಗಾಣು ಉಳಿಯುತ್ತದೆ. ಆಯ್ಕೆ ಸರಿಯಿದ್ದೂ ಅಳತೆ ಮೀರಿದರೆ ದೇಹವೇ ಪೆಟ್ಟು ತಿನ್ನುತ್ತದೆ. ಸೋಂಕುರೋಗದ ಲಕ್ಷಣಗಳೆಂದು ನಾವು ಕರೆಯುವ ಜ್ವರ, ಬಾವು, ಕೀವು, ಕೆಮ್ಮುಗಳಲ್ಲಿ ಬಹುಪಾಲು ರೋಗಾಣುವಿನ ಕೆಲಸವಲ್ಲ, ಈ ಪ್ರತಿರೋಧದ ಕೆಲಸ.

ಇತಿಹಾಸ

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ರಷ್ಯಾದ ಪ್ರಾಣಿಶಾಸ್ತ್ರಜ್ಞ ಈಲ್ಯಾ ಮೆಚ್ನಿಕಾಫ್ ನಕ್ಷತ್ರಮೀನಿನ ಪಾರದರ್ಶಕ ಲಾರ್ವಗಳಿಗೆ ಮುಳ್ಳು ಚುಚ್ಚಿಟ್ಟು, ಮರುದಿನ ನೋಡಿದ. ಮುಳ್ಳಿನ ಸುತ್ತ ಅಲೆಮಾರಿ ಕೋಶಗಳು ಮುತ್ತಿಕೊಂಡಿದ್ದವು. ಎರಡು ವರ್ಷದ ಬಳಿಕ ನೀರುಚಿಗಟದ ದೇಹದಲ್ಲಿ ಯೀಸ್ಟ್ ಜಾತಿಯ ಶಿಲೀಂಧ್ರದ ಬೀಜಕಣಗಳನ್ನು ಇಂಥ ಕೋಶಗಳು ನುಂಗುವುದನ್ನು ಆತ ವರ್ಣಿಸಿದ. ಭಕ್ಷಕ ಕೋಶಗಳ ಸಿದ್ಧಾಂತ ಹೀಗೆ ಒಂದು ಶಿಲೀಂಧ್ರ ಸೋಂಕನ್ನು ಆಧರಿಸಿ ಬೆಳೆಯಿತು.

1890ರಲ್ಲಿ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೇರಿಂಗ್ ಮತ್ತು ಕಿತಾಸಾತೊ ಶಿಬಾಸಾಬುರೊ ಬೇರೊಂದು ದಾರಿ ತೋರಿಸಿದರು. ಧನುರ್ವಾಯು ಮತ್ತು ಡಿಫ್ತೀರಿಯಾ ನಂಜನ್ನು ತಡೆದುಕೊಳ್ಳಬಲ್ಲ ಪ್ರಾಣಿಯ ರಕ್ತದ್ರವ ಇನ್ನೊಂದು ಪ್ರಾಣಿಗೂ ರಕ್ಷಣೆ ಕೊಡುತ್ತಿತ್ತು. ಆ ದ್ರವದಲ್ಲಿದ್ದ ವಸ್ತುಗಳೇ ಪ್ರತಿಕಾಯಗಳು. ಕಾಪಾಡುವುದು ಕೋಶವೋ ದ್ರವವೋ ಎಂಬ ವಾದ ಹಲವು ವರ್ಷ ನಡೆಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಕೋಶದ ಪಕ್ಷದ ಮೆಚ್ನಿಕಾಫ್ ಮತ್ತು ದ್ರವದ ಪಕ್ಷದ ಪಾಲ್ ಎರ್ಲಿಕ್ ಹಂಚಿಕೊಂಡರು. ಎರಡೂ ಸರಿ ಎಂಬುದು ಇಂದು ಸ್ಪಷ್ಟವಾಗಿದೆ: ಧನುರ್ವಾಯುವಿನ ನಂಜಿಗೆ ಪ್ರತಿಕಾಯ ಬೇಕು, ಕ್ಷಯದ ಬ್ಯಾಕ್ಟೀರಿಯಕ್ಕೆ ಕೋಶ ಬೇಕು.

ಗುರುತು ಹಿಡಿಯುವುದು

ಚರ್ಮ, ಲೋಳೆಪೊರೆ, ಜಠರದ ಆಮ್ಲ, ಕಣ್ಣೀರು ಮತ್ತು ಜೊಲ್ಲಿನಲ್ಲಿರುವ ಲೈಸೊಜೈಮ್ ಕಿಣ್ವ, ಕರುಳಿನಲ್ಲಿ ಮೊದಲೇ ನೆಲೆಸಿರುವ ನಿರಪಾಯ ಸೂಕ್ಷ್ಮಜೀವಿಗಳು ಮೊದಲ ತಡೆ. ಇವನ್ನು ದಾಟಿ ಬಂದುದನ್ನು ಗುರುತಿಸಲು ಮ್ಯಾಕ್ರೊಫೇಜ್ ಮುಂತಾದ ಕೋಶಗಳಿಗೆ ಹುಟ್ಟಿನಿಂದಲೇ ಕೆಲವು ಗ್ರಾಹಕಗಳಿವೆ. ಅವು ಒಂದೊಂದು ರೋಗಾಣುವನ್ನು ಹೆಸರಿಟ್ಟು ಗುರುತಿಸುವುದಿಲ್ಲ. ಮನುಷ್ಯ ದೇಹದಲ್ಲಿ ಇಲ್ಲದ, ಆದರೆ ಒಂದು ಗುಂಪಿನ ಸೂಕ್ಷ್ಮಜೀವಿಗಳಲ್ಲೆಲ್ಲ ಇರುವ ಕಟ್ಟಡದ ಸಾಮಗ್ರಿಯನ್ನು ಗುರುತಿಸುತ್ತವೆ. ಬ್ಯಾಕ್ಟೀರಿಯದ ಕೋಶಭಿತ್ತಿಯ ಪೆಪ್ಟಿಡೊಗ್ಲೈಕನ್, ಗ್ರಾಮ್ ಋಣ ಬ್ಯಾಕ್ಟೀರಿಯದ ಹೊರಪೊರೆಯಲ್ಲಿರುವ ಕೊಬ್ಬು-ಸಕ್ಕರೆಯ ಸಂಯುಕ್ತ, ಶಿಲೀಂಧ್ರದ ಗೋಡೆಯ ಬೀಟಾ ಗ್ಲುಕನ್ ಇಂಥವು. 1996ರಲ್ಲಿ ಫ್ರಾನ್ಸಿನ ಜೂಲ್ ಹಾಫ್‌ಮನ್ ತಂಡ ಟೋಲ್ ಎಂಬ ಜೀನ್ ಕೆಟ್ಟ ಹಣ್ಣುನೊಣಗಳು ಶಿಲೀಂಧ್ರ ಸೋಂಕಿಗೆ ಬಲಿಯಾಗುವುದನ್ನು ಕಂಡುಕೊಂಡಿತು. 1998ರಲ್ಲಿ ಅಮೆರಿಕದ ಬ್ರೂಸ್ ಬ್ಯೂಟ್ಲರ್ ಅದೇ ಕುಟುಂಬದ ಗ್ರಾಹಕವೊಂದು ಇಲಿಗಳಲ್ಲಿ ಬ್ಯಾಕ್ಟೀರಿಯದ ನಂಜನ್ನು ಗುರುತಿಸುವುದನ್ನು ತೋರಿಸಿದ. ಡೆಂಡ್ರೈಟಿಕ್ ಕೋಶಗಳನ್ನು ಗುರುತಿಸಿದ್ದ ರಾಲ್ಫ್ ಸ್ಟೈನ್‌ಮನ್ ಜೊತೆಗೆ ಇವರಿಬ್ಬರೂ 2011ರ ನೊಬೆಲ್ ಪಡೆದರು.

ಈ ಡೆಂಡ್ರೈಟಿಕ್ ಕೋಶಗಳೇ ಸುದ್ದಿಯ ಕೊಂಡಿ. ರೋಗಾಣುವಿನ ಚೂರನ್ನು ಹೊತ್ತು ಅವು ಹತ್ತಿರದ ದುಗ್ಧಗ್ರಂಥಿಗೆ ಹೋಗಿ ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಗೆ ತೋರಿಸುತ್ತವೆ. ಕಾಲಿನ ಗಾಯ ನಂಜಾದಾಗ ತೊಡೆಸಂದಿನಲ್ಲಿ ಗಂಟು ಏಳುವುದು ಅಲ್ಲಿ ನಡೆದಿರುವ ಈ ಸಿದ್ಧತೆಯಿಂದ. ಸಹಾಯಕ ಟಿ ಕೋಶಗಳು ಅಲ್ಲಿ ಕವಲೊಡೆಯುತ್ತವೆ. ಒಂದನೆಯ ಬಗೆಯವು ಕೋಶದ ಒಳಗಿನ ರೋಗಾಣುವಿಗೆ, ಎರಡನೆಯ ಬಗೆಯವು ಹುಳುಗಳಿಗೆ, ಹದಿನೇಳನೆಯ ಬಗೆ ಎಂದು ಹೆಸರಾದವು ಶಿಲೀಂಧ್ರಕ್ಕೂ ಕೋಶದ ಹೊರಗಿನ ಬ್ಯಾಕ್ಟೀರಿಯಕ್ಕೂ ತಕ್ಕ ಆಜ್ಞೆ ಹೊರಡಿಸುತ್ತವೆ. ಸೈಟೊಕೈನ್ ಎಂಬ ಪ್ರೋಟೀನುಗಳೇ ಆ ಆಜ್ಞೆಗಳು.

ಕೋಶದ ಹೊರಗೆ ಬೆಳೆಯುವ ಬ್ಯಾಕ್ಟೀರಿಯ

ಬೆನ್ನಿನ ಮೇಲಿನ ಒಂದು ಕುರುವಿನಲ್ಲಿ ಇಡೀ ಪ್ರಕ್ರಿಯೆ ಕಾಣಸಿಗುತ್ತದೆ. ಕೂದಲಿನ ಬುಡದಲ್ಲಿ ಸ್ಟೆಫೈಲೊಕಾಕಸ್ ಇಳಿದೊಡನೆ ಅಲ್ಲಿನ ಮ್ಯಾಕ್ರೊಫೇಜ್‌ಗಳು ಎಚ್ಚರಿಕೆ ಕೊಡುತ್ತವೆ. ರಕ್ತನಾಳ ಹಿಗ್ಗಿ ಜಾಗ ಕೆಂಪಾಗಿ ಬಿಸಿಯಾಗುತ್ತದೆ. ನಾಳದಿಂದ ದ್ರವ ಜಿನುಗಿ ಊದಿಕೊಳ್ಳುತ್ತದೆ. ನರ ಕೆರಳಿ ನೋಯುತ್ತದೆ. ನಾಳದ ಗೋಡೆಯ ಸಂದಿನಿಂದ ನ್ಯೂಟ್ರೊಫಿಲ್‌ಗಳು ನುಸುಳಿ ಬರುತ್ತವೆ. ಅಸ್ಥಿಮಜ್ಜೆ ದಿನಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ತಯಾರಿಸುವ, ಅಲ್ಪಾಯುಷಿ ಕೋಶಗಳಿವು. ಬ್ಯಾಕ್ಟೀರಿಯವನ್ನು ನುಂಗಿ ಕ್ಲೋರಿನ್ ಬ್ಲೀಚಿನಂಥ ರಾಸಾಯನಿಕದಿಂದ ಕೊಲ್ಲುತ್ತವೆ. ಕೆಲವು ತಮ್ಮದೇ ಡಿಎನ್‌ಎಯನ್ನು ಬಲೆಯಂತೆ ಹೊರಗೆಸೆದು ಸಾಯುತ್ತವೆ. ನಾಲ್ಕೈದು ದಿನದಲ್ಲಿ ಕುರು ಹಣ್ಣಾಗುತ್ತದೆ. ಕೀವೆಂದರೆ ಸತ್ತ ನ್ಯೂಟ್ರೊಫಿಲ್, ಸತ್ತ ಮತ್ತು ಬದುಕಿರುವ ಬ್ಯಾಕ್ಟೀರಿಯ, ಕರಗಿದ ಅಂಗಾಂಶ. ಅದರ ಹಸಿರು ಛಾಯೆ ನ್ಯೂಟ್ರೊಫಿಲ್‌ನ ಒಂದು ಕಿಣ್ವದ ಬಣ್ಣ. ಕೀವಿನ ಕುಳಿಯೊಳಗೆ ರಕ್ತ ಹರಿಯುವುದಿಲ್ಲ, ಔಷಧಿಯೂ ಸರಿಯಾಗಿ ತಲುಪುವುದಿಲ್ಲ. ದೊಡ್ಡ ಕುರುವನ್ನು ವೈದ್ಯರು ಕೊಯ್ದು ಕೀವು ತೆಗೆಯುವುದು ಅದಕ್ಕೇ.

ಇದರ ಜೊತೆಗೆ ರಕ್ತದ್ರವದ ಪೂರಕ ವ್ಯವಸ್ಥೆ ಕೆಲಸ ಮಾಡುತ್ತದೆ. ಒಂದನ್ನೊಂದು ಚುರುಕುಗೊಳಿಸುವ ಈ ಪ್ರೋಟೀನುಗಳು ಬ್ಯಾಕ್ಟೀರಿಯದ ಮೈಗೆ ಅಂಟಿ ಭಕ್ಷಕ ಕೋಶಕ್ಕೆ ಹಿಡಿಕೆ ಒದಗಿಸುತ್ತವೆ; ಕೊನೆಯ ಹಂತದವು ಹೊರಪೊರೆಯಲ್ಲಿ ರಂಧ್ರ ಕೊರೆಯುತ್ತವೆ. ಗ್ರಾಮ್ ಧನ ಬ್ಯಾಕ್ಟೀರಿಯದ ದಪ್ಪ ಗೋಡೆಯ ಮುಂದೆ ಈ ರಂಧ್ರ ಕೊರೆತ ನಡೆಯದು. ಮಿದುಳುಪೊರೆಯ ಜ್ವರ ತರುವ ಮೆನಿಂಗೊಕಾಕಸ್ ವಿಷಯದಲ್ಲಿ ಅದು ಅನಿವಾರ್ಯ. ಕೊನೆಯ ಹಂತದ ಪ್ರೋಟೀನು ಹುಟ್ಟಿನಿಂದಲೇ ಇಲ್ಲದವರನ್ನು ಈ ಸೋಂಕು ಮತ್ತೆ ಮತ್ತೆ ಕಾಡುತ್ತದೆ.

ನ್ಯುಮೊಕಾಕಸ್ ಸಕ್ಕರೆಯ ಜಾರು ಕವಚ ತೊಟ್ಟಿರುತ್ತದೆ. ಕವಚಕ್ಕೆ ಪ್ರತಿಕಾಯ ಅಂಟುವವರೆಗೆ ಭಕ್ಷಕ ಕೋಶದ ಹಿಡಿತಕ್ಕೆ ಅದು ಸಿಗದು. ಇಂಥ ಬ್ಯಾಕ್ಟೀರಿಯವನ್ನು ರಕ್ತದಿಂದ ಸೋಸುವ ಮುಖ್ಯ ಅಂಗ ಗುಲ್ಮ. ಅಪಘಾತದಲ್ಲಿ ಗುಲ್ಮ ತೆಗೆಸಿಕೊಂಡವರಿಗೆ ನ್ಯುಮೊಕಾಕಸ್ ಲಸಿಕೆ ಹಾಕುವುದು ಈ ಕಾರಣಕ್ಕೆ. ಎರಡು ವರ್ಷದೊಳಗಿನ ಮಕ್ಕಳ ದೇಹ ಬರಿಯ ಸಕ್ಕರೆಗೆ ಸರಿಯಾಗಿ ಪ್ರತಿಕಾಯ ತಯಾರಿಸುವುದಿಲ್ಲ. ಆದ್ದರಿಂದ ಲಸಿಕೆಯಲ್ಲಿ ಸಕ್ಕರೆಯನ್ನು ಪ್ರೋಟೀನಿಗೆ ಜೋಡಿಸಿ ಟಿ ಕೋಶದ ನೆರವು ದೊರೆಯುವಂತೆ ಮಾಡುತ್ತಾರೆ.

ಕೆಲವು ರೋಗಗಳಲ್ಲಿ ಬ್ಯಾಕ್ಟೀರಿಯಕ್ಕಿಂತ ಅದರ ನಂಜೇ ಮುಖ್ಯ. ಕಾಲರಾದ ಬ್ಯಾಕ್ಟೀರಿಯ ಕರುಳಿನ ಗೋಡೆಯನ್ನು ಭೇದಿಸುವುದಿಲ್ಲ. ನೀರು ಹೊರಹರಿಯುವಂತೆ ಮಾಡುವುದು ಅದರ ನಂಜು. ಇದನ್ನು 1959ರಲ್ಲಿ ಕಲ್ಕತ್ತದ ಶಂಭುನಾಥ ಡೇ ಪ್ರಯೋಗದಿಂದ ತೋರಿಸಿದರು. ಇಲ್ಲಿ ಲೋಳೆಯಲ್ಲಿ ಸ್ರವಿಸುವ ಐಜಿಎ ಪ್ರತಿಕಾಯ ಬ್ಯಾಕ್ಟೀರಿಯವನ್ನೂ ನಂಜನ್ನೂ ಗೋಡೆಗೆ ಅಂಟದಂತೆ ತಡೆಯುತ್ತದೆ. ಧನುರ್ವಾಯುವಿನ ನಂಜು ಎಷ್ಟು ತೀಕ್ಷ್ಣವೆಂದರೆ, ಕೊಲ್ಲಲು ಸಾಕಾಗುವ ಪ್ರಮಾಣ ಪ್ರತಿಕಾಯ ಹುಟ್ಟಿಸಲು ಸಾಕಾಗುವುದಿಲ್ಲ. ಹಾಗಾಗಿ ಧನುರ್ವಾಯುವಿನಿಂದ ಗುಣವಾದವರೂ ಲಸಿಕೆ ಹಾಕಿಸಿಕೊಳ್ಳಬೇಕು.

ಕೋಶದ ಒಳಗೆ ಅಡಗುವ ಬ್ಯಾಕ್ಟೀರಿಯ

ಕ್ಷಯ, ಕುಷ್ಠ, ಟೈಫಾಯಿಡ್ ತರುವ ಬ್ಯಾಕ್ಟೀರಿಯಗಳು ತಮ್ಮನ್ನು ನುಂಗಿದ ಮ್ಯಾಕ್ರೊಫೇಜ್‌ನಲ್ಲೇ ಮನೆ ಮಾಡುತ್ತವೆ. ಕ್ಷಯದ ಬ್ಯಾಕ್ಟೀರಿಯ ಇರುವ ಚೀಲ ಜೀರ್ಣರಸದ ಚೀಲದೊಡನೆ ಕೂಡಿಕೊಳ್ಳದಂತೆ ಅದೇ ತಡೆ ಹಾಕುತ್ತದೆ. ಪ್ರತಿಕಾಯಕ್ಕೆ ಕೋಶದೊಳಗೆ ಪ್ರವೇಶವಿಲ್ಲ. ಒಂದನೆಯ ಬಗೆಯ ಸಹಾಯಕ ಟಿ ಕೋಶ ಬಂದು ಇಂಟರ್‌ಫೆರಾನ್ ಗಾಮಾ ಸುರಿಸಿದಾಗ ಮ್ಯಾಕ್ರೊಫೇಜ್ ಚುರುಕುಗೊಂಡು ಒಳಗಿನ ಬ್ಯಾಕ್ಟೀರಿಯವನ್ನು ಕೊಲ್ಲುತ್ತದೆ. ಕೊಲ್ಲಲಾಗದಿದ್ದರೆ ಕೋಶಗಳು ಸುತ್ತುಗಟ್ಟಿ ಕ್ಷಯಗಂಟನ್ನು ರಚಿಸಿ ಅದನ್ನು ಒಳಗೇ ಕೂಡಿಹಾಕುತ್ತವೆ. ವಿಶ್ವದ ಜನರಲ್ಲಿ ಸುಮಾರು ನಾಲ್ಕನೆಯ ಒಂದು ಪಾಲಿಗೆ ಕ್ಷಯದ ಸೋಂಕು ತಗಲಿದ್ದರೂ, ಅವರಲ್ಲಿ ಶೇ. 5ರಿಂದ 10ರಷ್ಟು ಮಂದಿಗಷ್ಟೇ ಜೀವಮಾನದಲ್ಲಿ ರೋಗ ಕಾಣಿಸಿಕೊಳ್ಳುತ್ತದೆ. ಎಚ್‌ಐವಿ ಟಿ ಕೋಶಗಳನ್ನು ಕಳೆದಾಗ, ಇಲ್ಲವೆ ಸಂಧಿವಾತಕ್ಕೆ ಕೊಡುವ ಕೆಲವು ಔಷಧಿಗಳು ಗಂಟನ್ನು ಕಾಯುವ ಟಿಎನ್‌ಎಫ್ ಎಂಬ ಸೈಟೊಕೈನನ್ನು ತಡೆದಾಗ, ಆ ಕಟ್ಟು ಸಡಿಲವಾಗಿ ಹಳೆಯ ಕ್ಷಯ ಹೊರಬೀಳುತ್ತದೆ.

ಕ್ಷಯದ ಸೋಂಕನ್ನು ಪತ್ತೆಹಚ್ಚುವ ಮಾಂಟೂ ಪರೀಕ್ಷೆಯಲ್ಲಿ ಈ ಪ್ರತಿರೋಧವನ್ನು ಬೆರಳಿನಿಂದಲೇ ಮುಟ್ಟಿ ನೋಡಬಹುದು. ಮುಂಗೈಯ ಒಳಬದಿಯ ಚರ್ಮದ ಪದರದಲ್ಲಿ ಕ್ಷಯದ ಬ್ಯಾಕ್ಟೀರಿಯದಿಂದ ತೆಗೆದ ಟ್ಯುಬರ್ಕ್ಯುಲಿನ್ 0.1 ಮಿಲಿಲೀಟರಿನಷ್ಟು ಚುಚ್ಚುತ್ತಾರೆ. ಆಗಲೇ ಏಳುವ ಸಣ್ಣ ಗುಳ್ಳೆಗೆ ಅರ್ಥವಿಲ್ಲ. ಅದು ಸ್ವಲ್ಪ ಹೊತ್ತಿನಲ್ಲಿ ಇಂಗುತ್ತದೆ. ಹಿಂದೆ ಸೋಂಕು ತಗಲಿದ್ದರೆ, ನೆನಪಿಟ್ಟುಕೊಂಡಿರುವ ಟಿ ಕೋಶಗಳು ಅಲ್ಲಿಗೆ ಬಂದು ಸೇರಲು ಎರಡು ದಿನ ಹಿಡಿಯುತ್ತದೆ. 48ರಿಂದ 72 ಗಂಟೆಯೊಳಗೆ ಆರೋಗ್ಯ ಸಿಬ್ಬಂದಿ ಕೆಂಪನ್ನು ಬಿಟ್ಟು, ಕೈಗೆ ಗಟ್ಟಿಯಾಗಿ ಸಿಗುವ ಭಾಗವನ್ನಷ್ಟೇ ಮಿಲಿಮೀಟರಿನಲ್ಲಿ ಅಳೆಯುತ್ತಾರೆ. ಆ ಗಟ್ಟಿತನ ಸೋಂಕಿನ ನೆನಪು. ರೋಗವಿದೆ ಎನ್ನಲು ಅದೊಂದೇ ಸಾಲದು.

ಪ್ರತಿರೋಧದ ಬಗೆ ಬದಲಾದರೆ ರೋಗದ ರೂಪವೇ ಬದಲಾಗುತ್ತದೆ ಎಂಬುದಕ್ಕೆ ಕುಷ್ಠ ಉದಾಹರಣೆ. ಒಂದನೆಯ ಬಗೆಯ ಪ್ರತಿರೋಧ ಬಲವಾಗಿರುವವರಲ್ಲಿ ಸ್ಪರ್ಶಜ್ಞಾನವಿಲ್ಲದ ಒಂದೆರಡು ಮಚ್ಚೆ ಮಾತ್ರ ಕಾಣುತ್ತವೆ. ಅವುಗಳಲ್ಲಿ ಬ್ಯಾಕ್ಟೀರಿಯ ಹುಡುಕಿದರೂ ಸಿಗುವುದು ಕಷ್ಟ. ಪ್ರತಿಕಾಯ ಧಾರಾಳವಾಗಿದ್ದು ಕೋಶದ ಪ್ರತಿರೋಧ ಕುಂದಿದವರಲ್ಲಿ ಚರ್ಮದ ತುಂಬ ಬ್ಯಾಕ್ಟೀರಿಯ ತುಂಬಿರುತ್ತದೆ. ರೋಗಾಣು ಒಂದೇ, ರೋಗ ಎರಡು.

ಶಿಲೀಂಧ್ರ ಸೋಂಕು

ನಾವು ದಿನವೂ ನೂರಾರು ಶಿಲೀಂಧ್ರ ಬೀಜಕಣಗಳನ್ನು ಉಸಿರಾಡುತ್ತೇವೆ. ಆದರೂ ಆಳಕ್ಕಿಳಿದ ಶಿಲೀಂಧ್ರ ರೋಗ ಅಪರೂಪ. ಬಹುಪಾಲು ಶಿಲೀಂಧ್ರಗಳಿಗೆ ಮನುಷ್ಯನ ಮೈಬಿಸಿ ಒಗ್ಗದು ಎಂಬುದು ಒಂದು ಕಾರಣ. ಶ್ವಾಸಕೋಶದ ಮ್ಯಾಕ್ರೊಫೇಜ್‌ಗಳು ಆಸ್ಪರ್ಜಿಲಸ್‌ನ ಎರಡು ಮೂರು ಮೈಕ್ರೊಮೀಟರ್ ಬೀಜಕಣವನ್ನು ಮೊಳೆಯುವ ಮುನ್ನವೇ ಮುಗಿಸುತ್ತವೆ ಎಂಬುದು ಇನ್ನೊಂದು. ಮೊಳೆತು ಎಳೆಯಾದರೆ ನ್ಯೂಟ್ರೊಫಿಲ್‌ಗಳು ಅದರ ಮೇಲೆ ಹರಡಿಕೊಂಡು ಹೊರಗಿನಿಂದಲೇ ಸುಡಬೇಕಾಗುತ್ತದೆ. ಕ್ಯಾನ್ಸರ್ ಚಿಕಿತ್ಸೆಯಿಂದ ನ್ಯೂಟ್ರೊಫಿಲ್ ಕುಸಿದವರಿಗೆ ಆಸ್ಪರ್ಜಿಲಸ್ ಪ್ರಾಣಾಪಾಯವಾಗುವುದು ಈ ದಾರಿಯಿಂದ.

ಬಾಯಿ, ಕರುಳಿನಲ್ಲಿ ಸುಮ್ಮನಿರುವ ಕ್ಯಾಂಡಿಡಾಗೆ ಬೀಗಗಳು ಎರಡು. ಲೋಳೆಪೊರೆಯ ಮೇಲೆ ಅದನ್ನು ಹದ್ದುಬಸ್ತಿನಲ್ಲಿಡುವುದು ಹದಿನೇಳನೆಯ ಬಗೆಯ ಟಿ ಕೋಶ. ರಕ್ತಕ್ಕೆ ಇಳಿಯದಂತೆ ತಡೆಯುವುದು ನ್ಯೂಟ್ರೊಫಿಲ್. ಎಚ್‌ಐವಿ ಮುಂದುವರಿದವರ ಬಾಯಲ್ಲಿ ಮೊಸರಿನಂಥ ಬಿಳಿ ಪದರ ಕಟ್ಟುತ್ತದೆ, ಆದರೆ ಕ್ಯಾಂಡಿಡಾ ರಕ್ತಕ್ಕೆ ಇಳಿಯುವುದು ಅವರಲ್ಲಿ ವಿರಳ: ಮೊದಲ ಬೀಗ ಸಡಿಲಾಗಿದೆ, ಎರಡನೆಯದು ಭದ್ರವಾಗಿದೆ. ಪಾರಿವಾಳದ ಹಿಕ್ಕೆಯಲ್ಲಿ ಬೆಳೆಯುವ ಕ್ರಿಪ್ಟೊಕಾಕಸ್ ದಪ್ಪ ಕವಚದೊಳಗೆ ತನ್ನ ಗೋಡೆಯ ಗುರುತುಗಳನ್ನು ಮರೆಸಿಕೊಳ್ಳುತ್ತದೆ. ಟಿ ಕೋಶ ಕುಂದಿದವರಲ್ಲಿ ಮಿದುಳುಪೊರೆಗೆ ಏರುತ್ತದೆ.

2021ರ ಕೋವಿಡ್ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ಎಂದು ಮನೆಮಾತಾದ ಮ್ಯೂಕರ್ ಸೋಂಕು ಭಾರತದಲ್ಲಿ 40 ಸಾವಿರಕ್ಕೂ ಹೆಚ್ಚು ಮಂದಿಗೆ ತಗಲಿತು. ಕರ್ನಾಟಕವೂ ಅದನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಸಾರಿತು. ಶಿಲೀಂಧ್ರ ಹೊಸದಲ್ಲ, ಅದರ ಬೀಜಕಣ ಮಣ್ಣಿನಲ್ಲೂ ಹಳಸಿದ ರೊಟ್ಟಿಯಲ್ಲೂ ಇರುತ್ತದೆ. ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ನ್ಯೂಟ್ರೊಫಿಲ್ ಮಂಕಾಗುತ್ತದೆ. ರಕ್ತ ಆಮ್ಲೀಯವಾದರೆ ಕಟ್ಟಿಟ್ಟ ಕಬ್ಬಿಣ ಬಿಡುಗಡೆಯಾಗಿ ಶಿಲೀಂಧ್ರಕ್ಕೆ ಆಹಾರವಾಗುತ್ತದೆ. ಕೋವಿಡ್‌ಗೆ ಕೊಟ್ಟ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದರ ಜೊತೆಗೆ ಭಕ್ಷಕ ಕೋಶಗಳನ್ನೂ ಕುಗ್ಗಿಸುತ್ತದೆ. ಕಾವಲು ಹೀಗೆ ಎಲ್ಲ ಬದಿಯಿಂದಲೂ ಒಮ್ಮೆಗೇ ತೆರೆದುಕೊಂಡಿತ್ತು.

ಹುಳುಕಡ್ಡಿ ಎಂಬ ಚರ್ಮರೋಗದ ಹೆಸರಿನಲ್ಲಿ ಹುಳುವಿದ್ದರೂ ಅದು ಶಿಲೀಂಧ್ರ. ಚರ್ಮದ ಸತ್ತ ಹೊರಪದರವನ್ನು ತಿಂದು ಬದುಕುತ್ತದೆ. ಕೆಂಪು ಉಂಗುರವೂ ತುರಿಕೆಯೂ ದೇಹ ಅದರ ಬೆನ್ನಟ್ಟಿರುವ ಗುರುತು. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ಹಚ್ಚಿದರೆ ಎರಡೇ ದಿನದಲ್ಲಿ ತುರಿಕೆ ಇಳಿದು ಕೆಂಪು ಮಾಸುತ್ತದೆ. ಇಳಿದದ್ದು ಪ್ರತಿರೋಧ, ಶಿಲೀಂಧ್ರ ತಡೆಯಿಲ್ಲದೆ ಸೊಂಟ, ತೊಡೆಗೆ ಹರಡುತ್ತದೆ.

ಏಕಕೋಶ ಪರೋಪಜೀವಿಗಳು

ಮಲೇರಿಯಾದ ಪರೋಪಜೀವಿ ಮೂರು ವಿಳಾಸ ಬದಲಿಸುತ್ತದೆ. ಸೊಳ್ಳೆ ಕಚ್ಚಿದ ಮೇಲೆ ಬೇಗನೆ ಯಕೃತ್ತಿನ ಕೋಶ ಸೇರುತ್ತದೆ. ಆ ದಾರಿಯಲ್ಲಿ ಪ್ರತಿಕಾಯ ತಡೆಯಬಲ್ಲದು. ಯಕೃತ್ತಿನೊಳಗೆ ಕೊಲ್ಲುವ ಟಿ ಕೋಶಕ್ಕೆ ಅದು ಸಿಗುತ್ತದೆ. ಬಳಿಕ ಕೆಂಪು ರಕ್ತಕಣಕ್ಕೆ ನುಗ್ಗುತ್ತದೆ. ಕೆಂಪುಕಣಕ್ಕೆ ಒಳಗಿನ ಚೂರನ್ನು ಟಿ ಕೋಶಕ್ಕೆ ತೋರಿಸುವ ಸಲಕರಣೆ ಇಲ್ಲವಾದ್ದರಿಂದ ಅಲ್ಲಿ ಪ್ರತಿಕಾಯ ಮತ್ತು ಗುಲ್ಮವೇ ಗತಿ. ಮಲೇರಿಯಾದಲ್ಲಿ ಗುಲ್ಮ ಊದುವುದು ಆ ಹೊರೆಯಿಂದ. ಕಣಗಳು ಒಟ್ಟಿಗೆ ಒಡೆದಾಗ ಹೊರಬಿದ್ದ ಕಸಕ್ಕೆ ದೇಹ ಸೈಟೊಕೈನ್ ಸುರಿಸುತ್ತದೆ. ದಿನ ಬಿಟ್ಟು ದಿನ ಬರುವ ಚಳಿಜ್ವರ ಅದೇ. ಫಾಲ್ಸಿಪಾರಂ ಜಾತಿ ಕೆಂಪುಕಣದ ಮೇಲೆ ಹಚ್ಚುವ ಅಂಟು ಪ್ರೋಟೀನಿಗೆ ಸುಮಾರು 60 ಜೀನುಗಳಿದ್ದು, ಪ್ರತಿಕಾಯ ಒಂದನ್ನು ಕಲಿಯುವಷ್ಟರಲ್ಲಿ ಇನ್ನೊಂದಕ್ಕೆ ಬದಲಿಸುತ್ತದೆ. ಆದ್ದರಿಂದ ರೋಗನಿರೋಧ ಹಲವು ವರ್ಷಗಳ ಸೋಂಕಿನಿಂದ ನಿಧಾನವಾಗಿ, ಅರೆಬರೆಯಾಗಿ ಬರುತ್ತದೆ. ಮಲೇರಿಯಾ ಇರುವ ಊರು ಬಿಟ್ಟವರಲ್ಲಿ ಸವೆದೂ ಹೋಗುತ್ತದೆ. ಆಫ್ರಿಕಾದ ನಿದ್ರಾರೋಗದ ಟ್ರಿಪನೊಸೋಮ ಇದೇ ವೇಷ ಬದಲಾವಣೆಯನ್ನು ಇನ್ನೂ ದೊಡ್ಡ ಪ್ರಮಾಣದಲ್ಲಿ ನಡೆಸುತ್ತದೆ.

ಬಿಹಾರದಲ್ಲಿ ಹೆಚ್ಚಾಗಿ ಕಂಡ ಕಾಲಾ ಅಜಾರ್‌ನ ಲೀಷ್ಮೇನಿಯಾ ಕ್ಷಯದ ಬ್ಯಾಕ್ಟೀರಿಯದಂತೆ ಮ್ಯಾಕ್ರೊಫೇಜ್ ವಾಸಿ. ಒಂದನೆಯ ಬಗೆಯ ಪ್ರತಿರೋಧ ತೋರುವ ಇಲಿಯ ತಳಿ ಲೀಷ್ಮೇನಿಯಾ ಸೋಂಕನ್ನು ಗೆಲ್ಲುತ್ತದೆ, ಎರಡನೆಯ ಬಗೆಯದು ತೋರುವ ತಳಿ ಸೋಲುತ್ತದೆ. ಟಿ ಕೋಶದ ಕವಲುಗಳ ಮಹತ್ವ ಪ್ರಾಣಿಗಳಲ್ಲಿ ಮನದಟ್ಟಾದದ್ದು ಈ ಸೋಂಕಿನಿಂದ.

ಹುಳುಗಳು

ಜಂತುಹುಳು, ಕೊಕ್ಕೆಹುಳುಗಳ ಎದುರು ದೇಹ ಹಿಡಿಯುವ ದಾರಿ ತೊಳೆದು ಹಾಕುವುದು. 2016ರಲ್ಲಿ ಸ್ಪಷ್ಟವಾದಂತೆ, ಕರುಳಿನ ಒಳಪದರದ ಟಫ್ಟ್ ಕೋಶಗಳು ಹುಳುವಿನ ಸುಳಿವು ಹಿಡಿದು ಎರಡನೆಯ ಬಗೆಯ ಪ್ರತಿರೋಧವನ್ನು ಎಬ್ಬಿಸುತ್ತವೆ. ಲೋಳೆ ಹೆಚ್ಚುತ್ತದೆ, ಒಳಪದರ ಬೇಗ ಬೇಗ ಸವೆದು ಹೊಸತಾಗುತ್ತದೆ, ಕರುಳು ಬಲವಾಗಿ ಹಿಂಡುತ್ತದೆ. ಅಂಗಾಂಶದಲ್ಲಿರುವ ಎಳೆಯ ಹುಳುವಿಗೆ ಐಜಿಇ ಪ್ರತಿಕಾಯ ಅಂಟಿಕೊಂಡರೆ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಮುತ್ತಿ ತಮ್ಮ ವಿಷಕಣಗಳನ್ನು ಅದರ ಮೈಮೇಲೆ ಚೆಲ್ಲುತ್ತವೆ. ರಕ್ತಪರೀಕ್ಷೆಯ ಚೀಟಿಯಲ್ಲಿ ಇಯೋಸಿನೊಫಿಲ್ ಏರಿದ್ದರೆ ವೈದ್ಯರು ಅಲರ್ಜಿಯ ಜೊತೆಗೆ ಹುಳುವನ್ನೂ ನೆನೆಯುವುದು ಇದಕ್ಕೇ.

ಕಲಬುರಗಿ, ಬೀದರ್, ಯಾದಗಿರಿ ಭಾಗಗಳಲ್ಲಿ ಮತ್ತು ಕರಾವಳಿಯಲ್ಲಿ ಕಾಣುವ ಆನೆಕಾಲು ರೋಗದ ಫೈಲೇರಿಯಾ ಹುಳು ಈ ಲೇಖನದ ಮುಖ್ಯ ಮಾತನ್ನು ಒಂದೇ ಊರಿನಲ್ಲಿ ತೋರಿಸಬಲ್ಲದು. ದೊಡ್ಡ ಹುಳುಗಳು ದುಗ್ಧನಾಳಗಳಲ್ಲಿ ವರ್ಷಗಟ್ಟಲೆ ಬದುಕುತ್ತವೆ. ಮರಿಗಳು ರಾತ್ರಿ ಹೊತ್ತಿನಲ್ಲಿ ಮೇಲ್ಮೈ ರಕ್ತಕ್ಕೆ ಬರುತ್ತವೆ. ಅದಕ್ಕಾಗಿ ಆರೋಗ್ಯ ಕಾರ್ಯಕರ್ತರು ರಾತ್ರಿಯಾದ ಮೇಲೆ ಮನೆಮನೆಗೆ ಹೋಗಿ ಬೆರಳು ಚುಚ್ಚಿ ರಕ್ತ ತೆಗೆಯುತ್ತಾರೆ. ಗಾಜಿನ ಪಟ್ಟಿಯಲ್ಲಿ ಮರಿಹುಳು ಕಾಣಿಸಿದ ವ್ಯಕ್ತಿ ಎಷ್ಟೋ ಸಲ ಏನೂ ತೊಂದರೆಯಿಲ್ಲದವನು. ಅವನ ಟಿ ಕೋಶಗಳನ್ನು ಹುಳು ತಣ್ಣಗಾಗಿಸಿದೆ. ಕಾಲು ಊದಿದವನ ರಕ್ತದಲ್ಲಿ ಬಹಳ ಸಲ ಮರಿಗಳೇ ಸಿಗುವುದಿಲ್ಲ. ಅವನ ದೇಹ ಹುಳುವಿನೊಡನೆ ಕಾದಾಡಿ ದುಗ್ಧನಾಳವನ್ನು ಕೆಡಿಸಿಕೊಂಡಿದೆ, ಬೆರಳಸಂದಿನ ಬಿರುಕಿನಿಂದ ನುಗ್ಗುವ ಬ್ಯಾಕ್ಟೀರಿಯ ಊತವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಮೂರನೆಯವನಿಗೆ ರಾತ್ರಿಯೆಲ್ಲ ಕೆಮ್ಮು, ಉಬ್ಬಸ. ಮರಿಗಳು ಶ್ವಾಸಕೋಶ ದಾಟುವಾಗ ಇಯೋಸಿನೊಫಿಲ್‌ಗಳು ಅತಿರೇಕದಿಂದ ಎರಗುವ ಈ ಸ್ಥಿತಿಯನ್ನು ಆಸ್ತಮಾ ಎಂದು ತಪ್ಪು ತಿಳಿಯುವುದುಂಟು.

ಪ್ರತಿರೋಧದ ಬೆಲೆ

ಬ್ಯಾಕ್ಟೀರಿಯ ರಕ್ತಕ್ಕಿಳಿದು ಮೈಯೆಲ್ಲ ಉರಿಯೂತ ಹಬ್ಬಿದರೆ, ಕುರುವಿನಲ್ಲಿ ಉಪಕಾರಿಯಾದ ನಾಳದ ಹಿಗ್ಗುವಿಕೆಯೇ ರಕ್ತದೊತ್ತಡವನ್ನು ಕುಸಿಸಿ ಮೂತ್ರಪಿಂಡ, ಶ್ವಾಸಕೋಶಗಳನ್ನು ನಿಲ್ಲಿಸುತ್ತದೆ, ಇದು ಸೆಪ್ಸಿಸ್. ಹಂದಿಯ ಲಾಡಿಹುಳುವಿನ ಮೊಟ್ಟೆ ಊಟದ ಜೊತೆ ಹೊಟ್ಟೆ ಸೇರಿದರೆ ಮರಿ ಮಿದುಳಿನಲ್ಲಿ ಚೀಲವಾಗಿ ನೆಲೆಸಬಹುದು. ಬದುಕಿರುವಷ್ಟು ದಿನ ಅದು ದೇಹದ ಕಣ್ಣು ತಪ್ಪಿಸಿಕೊಂಡು ಸದ್ದಿಲ್ಲದೆ ಇರುತ್ತದೆ. ಸಾಯತೊಡಗಿದಾಗ ಮರೆ ಹರಿದು ಉರಿಯೂತ ಏಳುತ್ತದೆ, ರೋಗಿಗೆ ಫಿಟ್ಸ್ ಬರುತ್ತದೆ. ಹುಳು ಕೊಲ್ಲುವ ಮಾತ್ರೆಯ ಜೊತೆಗೆ ಸ್ಟೀರಾಯ್ಡ್ ಕೊಡುವುದು ಈ ಕಾರಣಕ್ಕೆ. ಹುಳುಕಡ್ಡಿಯಲ್ಲಿ ಹಾನಿ ಮಾಡಿದ ಔಷಧಿಯೇ ಇಲ್ಲಿ ಕಾಪಾಡುತ್ತದೆ. ಅತಿಯನ್ನು ತಡೆಯಲು ದೇಹದಲ್ಲೇ ನಿಯಂತ್ರಕ ಟಿ ಕೋಶಗಳಿವೆ. ಬಹುಕಾಲ ಉಳಿಯುವ ಹುಳುಗಳು ಅವನ್ನೇ ತಮ್ಮ ಪರವಾಗಿ ಹೆಚ್ಚಿಸಿಕೊಳ್ಳುತ್ತವೆ.

ಲಸಿಕೆ ಮತ್ತು ಅದರಾಚೆ

ಈ ಮೂರು ಗುಂಪುಗಳ ಲಸಿಕೆಗಳ ಪಟ್ಟಿ ಒಂದೇ ಉದ್ದವಿಲ್ಲ. ಧನುರ್ವಾಯು, ಡಿಫ್ತೀರಿಯಾ, ನ್ಯುಮೊಕಾಕಸ್‌ಗಳಲ್ಲಿ ಪ್ರತಿಕಾಯವೊಂದೇ ಸಾಕಾದ್ದರಿಂದ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ಷಯಕ್ಕೆ 1921ರಲ್ಲಿ ಮೊದಲು ಕೊಟ್ಟ ಬಿಸಿಜಿ ಮಕ್ಕಳನ್ನು ಮಿದುಳುಪೊರೆಯ ಕ್ಷಯದಿಂದ ಕಾಪಾಡುತ್ತದೆ. ಆದರೆ ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ ನಡೆದ ದೊಡ್ಡ ಪ್ರಯೋಗದಲ್ಲಿ ದೊಡ್ಡವರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲ. ಮಲೇರಿಯಾಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಮೊದಲ ಲಸಿಕೆಯನ್ನೂ 2023ರಲ್ಲಿ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸುವ ಎರಡನೆಯದನ್ನೂ ಶಿಫಾರಸು ಮಾಡಿತು. ಎರಡೂ ಪರೋಪಜೀವಿ ಯಕೃತ್ತು ಸೇರುವ ಮುನ್ನಿನ ಅಲ್ಪ ಸಮಯವನ್ನೇ ಗುರಿಯಾಗಿಸಿಕೊಂಡಿವೆ. ಮನುಷ್ಯನ ಶಿಲೀಂಧ್ರ ರೋಗಗಳಿಗೆ ಬಳಕೆಯಲ್ಲಿರುವ ಲಸಿಕೆಯಿಲ್ಲ.

ಪ್ರತಿರೋಧ ಬೆಳೆಯದ ಕಡೆ ಬೇರೆ ದಾರಿ ಹಿಡಿಯಬೇಕಾಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳನ್ನೂ ಕಾಡಿದ ನಾರುಹುಣ್ಣು ಎಂಬ ಹುಳುರೋಗ ಒಮ್ಮೆ ಬಂದವರಿಗೆ ಮರುವರ್ಷ ಮತ್ತೆ ಬರುತ್ತಿತ್ತು. ದೇಹ ಅದರಿಂದ ಏನನ್ನೂ ಕಲಿಯುತ್ತಿರಲಿಲ್ಲ. ಅದಕ್ಕೆ ಲಸಿಕೆಯೂ ಇರಲಿಲ್ಲ, ಔಷಧಿಯೂ ಇರಲಿಲ್ಲ. ಜನ ಇಳಿದು ನೀರು ತುಂಬುತ್ತಿದ್ದ ಮೆಟ್ಟಿಲುಬಾವಿಗಳ ಬದಲು ಕೊಳವೆಬಾವಿ ಬಂದು, ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸುವ ರೂಢಿಯಾಗಿ, 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ಘೋಷಣೆಯಾಯಿತು. ಕೋಶವೂ ಪ್ರತಿಕಾಯವೂ ತಡೆಯಲಾರದ ಹುಳುವನ್ನು ನೀರಿನ ಕೊಡದ ಬಾಯಿಗೆ ಕಟ್ಟಿದ ಬಟ್ಟೆ ತಡೆಯಿತು.